ಕರೆಂಟು ಹೋದಾಗ ಸಿಗುವ ಸ್ಟೇಷನ್‌ಗಳು

"ಇದರಲ್ಲಿ ಏನು ಬರುತ್ತೆ?"

ಹಳೇ ಶಾರ್ಟ್‌ವೇವ್ ರೇಡಿಯೋ ಒಂದನ್ನು, ಅಂದರೆ ದೂರದ ದೇಶಗಳ ಸ್ಟೇಷನ್ ಹಿಡಿಯುವ ಸೆಟ್ಟನ್ನು, ಕೊಂಡು ವರ್ಷ ತುಂಬುತ್ತಾ ಬಂತು. ಅದನ್ನು ನೋಡಿದ ಪ್ರತಿಯೊಬ್ಬರೂ ಕೇಳಿದ್ದು ಇದೊಂದೇ ಪ್ರಶ್ನೆ. ಭಾವಮೈದ ಕೇಳಿದ. ಕೆಳಗಿನ ಮನೆಯ ಓನರ್ ಆಂಟಿ ಕೇಳಿದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದ ಹುಡುಗ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಿಜ ಹೇಳಬೇಕೆಂದರೆ ಜಾಸ್ತಿ ಏನೂ ಬರುವುದಿಲ್ಲ. ಚೀನಾದವರು ಬರುತ್ತಾರೆ, ಬೆಳಗ್ಗೆ ಸಂಜೆ ಅನ್ನದೆ, ಹಿಂದಿ ತಮಿಳು ಅನ್ನದೆ, ಸ್ಪೀಕರ್ ಒಡೆಯುವಷ್ಟು ಜೋರಾಗಿ. ಎಲ್ಲೋ ಒಂದು ಕಡೆ ಕುರಾನ್ ಪಠಣ ಸಿಗುತ್ತದೆ. ಇನ್ನೊಂದು ಕಡೆ ಏಸುವಿನ ಬಗ್ಗೆ ಯಾರೋ ಮೆಲ್ಲಗೆ ಮಾತಾಡುತ್ತಿರುತ್ತಾರೆ. ಉಳಿದ ಜಾಗವೆಲ್ಲ ಸುಯ್ ಅನ್ನುವ ಸದ್ದು. ಇದನ್ನು ಸಿಲಿಂಡರ್ ಹುಡುಗನಿಗೆ ಹೇಗೆ ಹೇಳುವುದು? "ಹಳೇ ಹಾಡು ಬರುತ್ತಪ್ಪಾ" ಅಂದುಬಿಟ್ಟೆ. ಅವನು ಸಮಾಧಾನದಿಂದ ಹೋದ.

ಮಗಳಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಅವಳು ಮೊಬೈಲ್ ತೆಗೆದು ಒಂದು ಆಪ್ ತೋರಿಸಿದಳು. ಭೂಗೋಳ ತಿರುಗಿಸುತ್ತಾ ಯಾವ ಊರಿನ ಮೇಲೆ ಬೆರಳಿಟ್ಟರೂ ಅಲ್ಲಿನ ರೇಡಿಯೋ ಕೇಳುತ್ತದೆ. ಮೆಲ್ಬರ್ನ್ ಮೇಲೆ ಇಟ್ಟಳು, ಬಂತು. ಕೊಲಂಬೋ ಮೇಲೆ ಇಟ್ಟಳು, ಅದೂ ಬಂತು, ಪಕ್ಕದ ರೂಮಿನಲ್ಲಿ ಕೂತು ಮಾತಾಡಿದಂತೆ. "ಎಲ್ಲಾ ಇದರಲ್ಲೇ ಬರುತ್ತಲ್ಲಪ್ಪಾ. ಮತ್ತೆ ಅದು ಯಾಕೆ?" ಅಂದಳು. ಅವಳು ವ್ಯಂಗ್ಯವಾಗಿ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಆಗಲೇ ಈ ಪ್ರಶ್ನೆ ನನಗೆ ಅಂಟಿಕೊಂಡಿದ್ದು. ಏನೂ ಬರದ ಒಂದು ಪೆಟ್ಟಿಗೆಯನ್ನು ಐವತ್ತು ದಾಟಿದ ಗಂಡಸು ದಿನಾ ರಾತ್ರಿ ಮುಕ್ಕಾಲು ಗಂಟೆ ಕಿವಿಗೆ ಹಿಡಿದು ಕೂರುವುದು ಯಾಕೆ? ನೆನಪಿನ ಹುಚ್ಚು ಅಂದರೆ ಸುಲಭವಾಗಿ ಮುಗಿಯುತ್ತದೆ. ಆದರೆ ಹಳೇ ಗ್ರಾಮಫೋನು, ಹಳೇ ಗಡಿಯಾರ ಇವುಗಳ ಮೇಲೆ ನನಗೆ ಯಾವ ಆಸೆಯೂ ಇಲ್ಲ. ಹಿತ್ತಾಳೆ ಹಂಡೆಯನ್ನು ಹಾಲ್‌ನಲ್ಲಿ ಇಟ್ಟು ಹೂವು ತೇಲಿಸುವವರನ್ನು ಕಂಡರೆ ನಗು ಬರುತ್ತದೆ. ಇದು ಮಾತ್ರ ಯಾಕೋ ಬೇರೆ.

ಸಂಡೇ ಬಜಾರಿನ ಜಪಾನ್ ಮಾಲು

ಕೊಂಡದ್ದು ಚಿಕ್ಕಪೇಟೆ ಹತ್ತಿರ, ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ. ಅಲ್ಲಿಗೆ ರೇಡಿಯೋ ಕೊಳ್ಳಲು ಹೋಗುವವರು ಜೇಬಿನಲ್ಲಿ ಸೆಲ್ಲು ಇಟ್ಟುಕೊಂಡು ಹೋಗಬೇಕು. ಮಾರುವವರ ಹತ್ತಿರ ಯಾವತ್ತೂ ಸೆಲ್ಲು ಇರುವುದಿಲ್ಲ. "ಚೆಕ್ ಮಾಡಿದೀನಿ ಸಾರ್, ಸೂಪರ್ ವರ್ಕಿಂಗ್" ಅನ್ನುತ್ತಾರೆ ಅಷ್ಟೆ. ನಾನು ಆರು ಪೆನ್ಸಿಲ್ ಸೆಲ್ಲು ಇಟ್ಟುಕೊಂಡಿದ್ದೆ. ಯಾಕೆಂದರೆ ಯಾವ ಸೆಟ್ಟು ಬೇಕು ಅನ್ನುವುದು ಮೂವತ್ತೈದು ವರ್ಷದ ಹಿಂದೆಯೇ ತೀರ್ಮಾನ ಆಗಿತ್ತು. ಸೋನಿ ಐಸಿಎಫ್-7600ಡಿ. ಅದಕ್ಕೆ ಹಾಡಲು ನಾಲ್ಕು ಸೆಲ್ಲು, ಗಡಿಯಾರ ಮತ್ತು ನೆನಪಿಗೆ ಬೇರೆ ಎರಡು. ಒಂದು ದಪ್ಪ ಪುಸ್ತಕದಷ್ಟೇ ಗಾತ್ರ. 1980ರ ದಶಕದ ಮೊದಲ ಭಾಗದ ಮಾಡೆಲ್. ಕರಾವಳಿಯಲ್ಲಿ ಬೆಳೆದವರಿಗೆ ಇಂಥ ಸೆಟ್ಟುಗಳ ಪರಿಚಯ ಇರುತ್ತದೆ. ಗಲ್ಫಿನಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ ಸೆಂಟು, ಟಾರ್ಚು, ಟೇಪ್‌ರೆಕಾರ್ಡರ್ ಜೊತೆ ಇವೂ ಬರುತ್ತಿದ್ದವು. ಮಂಗಳೂರಿನ ಹಾಸ್ಟೆಲಿನಲ್ಲಿ ಭಟ್ಕಳದ ಗೆಳೆಯನೊಬ್ಬನ ಬಳಿ ಇತ್ತು, ಅವನಣ್ಣ ತಂದುಕೊಟ್ಟದ್ದು. ತಿರುಗಿಸುವ ಗುಂಡಿಯೇ ಇಲ್ಲದ ರೇಡಿಯೋ! ಕ್ಯಾಲ್ಕುಲೇಟರ್ ಥರ ಅಂಕಿ ಒತ್ತಿದರೆ ಸೀದಾ ಆ ಸ್ಟೇಷನ್‌ಗೆ ಹೋಗಿ ಕೂರುತ್ತಿತ್ತು. ಹತ್ತು ಸ್ಟೇಷನ್‌ಗಳನ್ನು ನೆನಪಿಟ್ಟುಕೊಳ್ಳುತ್ತಿತ್ತು. ಅವನು ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನನಗಂತೂ ಕೊಡುತ್ತಲೇ ಇರಲಿಲ್ಲ.

ಚಾಪೆಯ ಮೇಲೆ ಒಂದು ಮಿಕ್ಸಿ ಜಾರು, ಎರಡು ಇಸ್ತ್ರಿಪೆಟ್ಟಿಗೆ, ಒಂದೇ ಕಾಲಿನ ಶೂ, ಅದರ ಪಕ್ಕ ಇದು. ನೋಡಿದ ಕೂಡಲೇ ಎದೆ ಧಸಕ್ ಅಂತು. ಮುಖದಲ್ಲಿ ತೋರಿಸಿದರೆ ಕೆಟ್ಟೆ ಅಂತ ಮೊದಲು ಇಸ್ತ್ರಿಪೆಟ್ಟಿಗೆಯ ರೇಟು ಕೇಳಿದೆ. ಆಮೇಲೆ ಸುಮ್ನೆ ಅನ್ನುವ ಹಾಗೆ ರೇಡಿಯೋ ಎತ್ತಿ ಬೆನ್ನು ತಿರುಗಿಸಿ ಸೆಲ್ಲಿನ ಮುಚ್ಚಳ ತೆಗೆದೆ. ಹಳೇ ಟ್ರಾನ್ಸಿಸ್ಟರಿನ ಜಾತಕ ಇರುವುದು ಅಲ್ಲೇ. ಯಾರೋ ಸೆಲ್ಲು ಹಾಕಿ ಮರೆತು ಹೋಗಿದ್ದರೆ ಅದು ಸೋರಿ ಸ್ಪ್ರಿಂಗಿನ ಮೇಲೆ ಹಸಿರು ಹಿಟ್ಟು ಕಟ್ಟಿರುತ್ತದೆ. ಇದರಲ್ಲೂ ಕಟ್ಟಿತ್ತು, ಆದರೆ ಎರಡೇ ಸ್ಪ್ರಿಂಗಿಗೆ. ಏರಿಯಲ್ ನಡುವೆ ಮುರಿದಿತ್ತು. ನನ್ನ ಸೆಲ್ಲು ಹಾಕಿ ಒತ್ತಿದೆ. ಪರದೆಯ ಮೇಲೆ ಅಂಕಿ ಮೂಡಿತು. ಎಫ್‌ಎಂನಲ್ಲಿ ಯಾವುದೋ ಜಾಹೀರಾತು. ಶಾರ್ಟ್‌ವೇವ್‌ಗೆ ಹಾಕಿದರೆ ಬರೀ ಗರಗರ. "ಅದು ಗಲ್ಫ್‌ನಲ್ಲಿ ಬರ್ತಿತ್ತು ಸಾರ್, ಇಲ್ಲಿ ಬರಲ್ಲ" ಅಂದ ಮಾರುವವನು. ಪ್ರಾಮಾಣಿಕ ಮನುಷ್ಯ. ಐದು ಸಾವಿರ ಹೇಳಿದ, ಎರಡು ಸಾವಿರದ ಎಂಟುನೂರಕ್ಕೆ ಕೊಟ್ಟ. ಇಸ್ತ್ರಿಪೆಟ್ಟಿಗೆಯನ್ನೂ ತಗೊಳ್ಳಿ ಅಂತ ಸ್ವಲ್ಪ ದೂರ ಹಿಂದೆ ಬಂದ.

ರಿಪೇರಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಸಿರು ಹಿಟ್ಟಿಗೆ ನಿಂಬೆರಸ, ಕಿವಿಗೆ ಹಾಕುವ ಹತ್ತಿಕಡ್ಡಿ, ಒಂದು ಮಧ್ಯಾಹ್ನ. ಏರಿಯಲ್ ಮಾತ್ರ ನನ್ನಿಂದ ಆಗಲಿಲ್ಲ. ಎಸ್‌ಪಿ ರಸ್ತೆಯ ಒಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬೇರೆ ಸೆಟ್ಟಿನ ಏರಿಯಲ್ ತಂದು ಕೂರಿಸಿದರು. ಕೆಲಸ ಮುಗಿದ ಮೇಲೆ ಕನ್ನಡಕ ಹಣೆಗೇರಿಸಿ, "ರಿಸಿವರ್ ಫಸ್ಟ್ ಕ್ಲಾಸ್ ಇದೆ. ಆದ್ರೆ ಏನು ಕೇಳ್ತೀರಾ ಇದರಲ್ಲಿ?" ಅಂದರು. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳದವರು ಒಬ್ಬರಾದರೂ ಸಿಗಬಹುದು ಅಂದುಕೊಂಡಿದ್ದೆ. ಅವರೇ ಅದು ಅಂತಲೂ ಅಂದುಕೊಂಡಿದ್ದೆ.

ಮನೆಗೆ ತಂದು ರಾತ್ರಿ ಊಟ ಆದ ಮೇಲೆ ಮೊದಲು ಒತ್ತಿದ ಅಂಕಿ 9580. ರೇಡಿಯೋ ಆಸ್ಟ್ರೇಲಿಯಾ ಅನೇಕ ವರ್ಷ ಇದ್ದ ಜಾಗ. ಅವರು 2017ರ ಜನವರಿ 31ಕ್ಕೆ ಶಾರ್ಟ್‌ವೇವ್ ನಿಲ್ಲಿಸಿದರು ಅನ್ನುವುದು ನನಗೆ ಗೊತ್ತಿತ್ತು. ಬಿಬಿಸಿ ಹಿಂದಿಯವರು ನಿಲ್ಲಿಸಿದ್ದೂ ಜನವರಿ 31ಕ್ಕೇ, 2020ರಲ್ಲಿ. ಗೊತ್ತಿದ್ದೂ ಒತ್ತಿದೆ. ತೀರಿಕೊಂಡವರ ನಂಬರನ್ನು ಮೊಬೈಲಿನಲ್ಲಿ ಅಳಿಸದೆ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಏನೂ ಬರಲಿಲ್ಲ. ಬರೀ ಸುಯ್ ಅಂದಿದ್ದರೂ ಸರಿ ಇತ್ತು. ಅದರ ಮೇಲೆ ಕರ್ರ್ ಅನ್ನುವ ಒಂದು ಕೊರೆತ, ಗರಗಸ ಹಾಕಿದ ಹಾಗೆ. ಆ ಕೊರೆತ ಎಲ್ಲಿಂದ ಬರುತ್ತಿದೆ ಅನ್ನುವುದು ಆಮೇಲಿನ ಕಥೆ.

ಮಜ್ಜಿಗೆ ಕಡೆಯುವ ಸದ್ದು

ಅದಕ್ಕೂ ಮುಂಚೆ ಅಪ್ಪಯ್ಯನ ರೇಡಿಯೋ ಬಗ್ಗೆ ಹೇಳಬೇಕು. ಸಾಗರ ತಾಲೂಕಿನ ನಮ್ಮ ಮನೆಯಲ್ಲಿ ಇದ್ದದ್ದು ಮೂರು ಬ್ಯಾಂಡಿನ ಬುಶ್. ತೂತು ತೂತಿನ ಲೆದರ್ ಕೇಸು, ಹೆಗಲಿಗೆ ಹಾಕುವ ಪಟ್ಟಿ. ಒಳಗೆ ದಪ್ಪ ಸೆಲ್ಲುಗಳು. ಸೆಲ್ಲು ಸೊರಗಿದರೆ ಅಮ್ಮ ಅವನ್ನು ಅಡಿಕೆ ಬೇಯಿಸುವ ಒಲೆಯ ಪಕ್ಕ ಬೆಚ್ಚಗೆ ಇಡುತ್ತಿದ್ದಳು. ಇನ್ನೂ ಎರಡು ದಿನ ಬರುತ್ತಿತ್ತು. ಡಯಲ್ಲಿನ ಗಾಜಿನ ಮೇಲೆ ಒಂದು ಕಡೆ ಚಿಕ್ಕಮ್ಮನ ಉಗುರುಬಣ್ಣದಿಂದ ಇಟ್ಟ ಕೆಂಪು ಚುಕ್ಕಿ, ಅದು ಸಿಲೋನ್. ಇನ್ನೊಂದು ಕಡೆ ಬಾಲ್‌ಪೆನ್ನಿನ ಗೀಟು, ಅದು ಅಪ್ಪಯ್ಯನದು. ಅದನ್ನು ನಾವು ಮುಟ್ಟುವ ಹಾಗಿರಲಿಲ್ಲ. ಲೈಸೆನ್ಸಿನ ಪುಸ್ತಕ ದೇವರ ಗೂಡಿನ ಪಕ್ಕ ಪಂಚಾಂಗದ ಜೊತೆ ಇರುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪಯ್ಯ ಅದನ್ನು ತೆಗೆದುಕೊಂಡು ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಬರುತ್ತಿದ್ದ. ರೇಡಿಯೋ ಕೇಳಲು ಲೈಸೆನ್ಸಾ ಅಂತ ಮಗಳು ಇನ್ನೂ ನಂಬಿಲ್ಲ.

1981ರ ಫೆಬ್ರವರಿ 11. ತಾರೀಕು ನೆನಪಿರುವುದು ನನ್ನ ಬುದ್ಧಿವಂತಿಕೆಯಿಂದಲ್ಲ, ಆ ಮ್ಯಾಚಿನ ಸ್ಕೋರ್‌ಕಾರ್ಡು ಎಲ್ಲರಿಗೂ ಸಿಗುತ್ತದೆ. ಮೆಲ್ಬರ್ನ್ ಟೆಸ್ಟಿನ ಕೊನೇ ದಿನ. ಮೊದಲ ಇನ್ನಿಂಗ್ಸಿನಲ್ಲಿ ನಮ್ಮ ವಿಶ್ವನಾಥ್ 114 ಹೊಡೆದಿದ್ದರು, ಇಡೀ ತಂಡದ್ದು 237. ಹಿಂದಿನ ದಿನ ಗಾವಸ್ಕರ್ ಸಿಟ್ಟಿನಲ್ಲಿ ಚೌಹಾಣರನ್ನೂ ಕರೆದುಕೊಂಡು ಮೈದಾನದಿಂದ ಹೊರಟಿದ್ದರು. ಆಸ್ಟ್ರೇಲಿಯಾ ಗೆಲ್ಲಲು 143 ಬೇಕು, 24ಕ್ಕೆ ಮೂರು ಹೋಗಿತ್ತು. ಕಪಿಲ್‌ಗೆ ತೊಡೆ ನೋವು, ಬೌಲ್ ಮಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಹನ್ನೊಂದು ಗಂಟೆಗೆ ಆಟ ಶುರುವಾದರೆ ನಮಗೆ ಬೆಳಗಿನ ಜಾವ ಐದೂವರೆ. ಅಪ್ಪಯ್ಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕಂಬಳಿಯೊಳಗೆ ರೇಡಿಯೋ, ರೇಡಿಯೋದ ಪಕ್ಕ ನಾನು. ಅಂಗಳದಲ್ಲಿ ಇಬ್ಬನಿ. ಒಣಗಲು ಹಾಕಿದ ಅಡಿಕೆಯ ಚೊಗರು ವಾಸನೆ.

ರೇಡಿಯೋ ಆಸ್ಟ್ರೇಲಿಯಾ ಬರುತ್ತಿತ್ತು, ಹೋಗುತ್ತಿತ್ತು. ಒಂದು ನಿಮಿಷ ಕಾಮೆಂಟರಿಯವನು ಪಕ್ಕದಲ್ಲೇ ಕೂತ ಹಾಗೆ ಕೇಳುತ್ತಾನೆ, ಮರುನಿಮಿಷ ಬಾವಿಯೊಳಗಿಂದ ಮಾತಾಡಿದ ಹಾಗೆ. ಅಪ್ಪಯ್ಯ ಮುಳ್ಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತಿದ್ದ. ಅವನ ಹೆಬ್ಬೆರಳು ಅಷ್ಟು ನಾಜೂಕಾಗಿ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಳಗಿಂದ ಅಮ್ಮ ಮಜ್ಜಿಗೆ ಕಡೆಯುವ ಸದ್ದು. ಗುಳುಂ ಗುಳುಂ, ಗುಳುಂ ಗುಳುಂ. ದಿನಾ ಕೇಳುವ ಸದ್ದು, ದಿನಾ ಯಾರಿಗೂ ಕೇಳಿಸದ ಸದ್ದು. ಅವತ್ತು ಅದೇ ಮೆಲ್ಬರ್ನ್‌ಗೆ ಅಡ್ಡ ಬಂತು. "ಸ್ವಲ್ಪ ನಿಲ್ಸೇ ಮಾರಾಯ್ತಿ" ಅಂತ ಅಪ್ಪಯ್ಯ ಕೂಗಿದ. ಸದ್ದು ನಿಂತಿತು. ಬೆಣ್ಣೆ ಬರುವ ಹೊತ್ತಿಗೆ ಕಡಗೋಲು ನಿಲ್ಲಿಸುವುದು ಅಂದರೆ ಏನು ಅಂತ ಹಾಲು ಕಂಡ ಮನೆಯವರಿಗೆ ಗೊತ್ತು. ಅವಳು ಸಿಟ್ಟಿನಿಂದ ಬಾಗಿಲಲ್ಲಿ ಬಂದು ನಿಂತಳು. ಆದರೆ ಮಾತಾಡಲಿಲ್ಲ.

ಆಗ ಏನಾಯಿತೆಂದರೆ, ಮಾತು ಪೂರಾ ಮುಳುಗಿಹೋಯಿತು. ಕಾಮೆಂಟರಿ ಇಲ್ಲ, ಬರೀ ಜನರ ಗದ್ದಲ, ಸಮುದ್ರದ ಹಾಗೆ. ಆ ಗದ್ದಲವೂ ಸ್ವಲ್ಪ ಹೊತ್ತಿನಲ್ಲಿ ಕುಗ್ಗಿತು. ರೇಡಿಯೋ ಕೈಕೊಟ್ಟಿತು ಅಂದುಕೊಂಡೆ. ಅಪ್ಪಯ್ಯ ಬೆರಳೆತ್ತಿ, "ಶ್! ಔಟು" ಅಂದ. ಹೇಗೆ ಗೊತ್ತಾಯಿತು ಅಂದೆ. "ಅದು ಅವರ ಊರು. ಜನ ಕೂಗಿದ್ರೆ ಬೌಂಡ್ರಿ, ಸುಮ್ಮನಾದ್ರೆ ಔಟು" ಅಂದ. ಎಷ್ಟೋ ಹೊತ್ತಿನ ಮೇಲೆ ಮಾತು ಮೇಲೆ ಬಂದಾಗ ವಿಕೆಟ್ ಹೋಗಿದ್ದು ನಿಜವೇ ಆಗಿತ್ತು. ಆಮೇಲೆ ನಾವಿಬ್ಬರೂ ಆ ಮ್ಯಾಚನ್ನು ಹಾಗೆಯೇ ಕೇಳಿದೆವು, ಗದ್ದಲಕ್ಕೆ ಹೆದರುತ್ತಾ, ಮೌನಕ್ಕೆ ಕಾಯುತ್ತಾ. ಕಪಿಲ್ 28 ರನ್ನಿಗೆ ಐದು. ಆಸ್ಟ್ರೇಲಿಯಾ 83ಕ್ಕೆ ಆಲೌಟ್. ಡಗ್ ವಾಲ್ಟರ್ಸ್ ಒಬ್ಬ ಔಟಾಗದೆ ಉಳಿದ. ಅಮ್ಮ ಒಳಗೆ ಹೋಗಿ ಕಡಗೋಲು ಹಿಡಿದಳು. ಬೆಣ್ಣೆ ಕೂಡಲಿಲ್ಲವಂತೆ. ಆ ಗೆಲುವನ್ನು ನೆನೆದಾಗಲೆಲ್ಲ ಅವಳು ಬೆಣ್ಣೆಯ ಲೆಕ್ಕ ಹೇಳುತ್ತಿದ್ದಳು.

ಆ ಬುಶ್ ಈಗಿಲ್ಲ. ಟೀವಿ ಬಂದ ಮೇಲೆ ಅಟ್ಟ ಸೇರಿತು, ಅಟ್ಟದಿಂದ ಗುಜರಿಗೆ ಹೋಯಿತು. ಕೊಟ್ಟವನು ನಾನೇ. ಹದಿನೈದು ರೂಪಾಯಿ ಬಂತು.

ದೇವರ ಮನೆಯ ದೀಪ

ಸೋನಿಯ ಕೊರೆತಕ್ಕೆ ವಾಪಸ್ ಬರುತ್ತೇನೆ. ಮೊದಲು ರೇಡಿಯೋದ್ದೇ ತಪ್ಪು ಅಂದುಕೊಂಡೆ. ಒಂದು ಭಾನುವಾರ ಅದನ್ನು ತಾರಸಿಗೆ ಒಯ್ದಾಗ ಕೊರೆತ ಅರ್ಧ ಕಡಿಮೆಯಾಯಿತು. ಮೆಟ್ಟಿಲಿಳಿದು ಬಂದರೆ ಹೆಚ್ಚಾಯಿತು. ಆಗ ತಿಳಿಯಿತು, ಇದು ನಮ್ಮ ಮನೆಯದೇ ಸದ್ದು. ಶಾರ್ಟ್‌ವೇವ್ ಕೇಳುವವರಿಗೆ ಇದು ಹೊಸ ವಿಷಯವಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ವೈಫೈಯ ಅಡಾಪ್ಟರು, ಇನ್ವರ್ಟರು ಇವುಗಳ ಹೊಟ್ಟೆಯಲ್ಲಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುವ ಸರ್ಕ್ಯೂಟು ಇರುತ್ತದೆ. ಅಗ್ಗದ ಮಾಲಿನಲ್ಲಿ ಆ ಗಲಾಟೆ ಹೊರಗೆ ಬರದಂತೆ ತಡೆಯುವ ಫಿಲ್ಟರ್ ಇರುವುದಿಲ್ಲ. ಮನೆಯ ವೈರಿಂಗೇ ಅದಕ್ಕೆ ಏರಿಯಲ್ ಆಗಿಬಿಡುತ್ತದೆ. ನಮ್ಮ ಕಿವಿಗೆ ಏನೂ ಕೇಳಿಸುವುದಿಲ್ಲ. ರೇಡಿಯೋಗೆ ಎಲ್ಲ ಕೇಳುತ್ತದೆ.

ಒಂದು ಸಂಜೆ ರೇಡಿಯೋ ಹಿಡಿದು ಮನೆ ತುಂಬ ಓಡಾಡಿದೆ, ಡಾಕ್ಟರು ಸ್ಟೆತಸ್ಕೋಪ್ ಹಿಡಿದ ಹಾಗೆ. ಒಂದೊಂದಕ್ಕೂ ಒಂದೊಂದು ಸ್ವರ. ಹಾಲ್‌ನ ಬಲ್ಬು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಮಗಳ ಚಾರ್ಜರು ಮೀನು ಹುರಿದಂತೆ ಚರ್ ಅನ್ನುತ್ತದೆ. ಇಂಡಕ್ಷನ್ ಒಲೆಯಂತೂ ಲಾರಿ ಸ್ಟಾರ್ಟ್ ಆದ ಹಾಗೆ. ಒಂದೊಂದನ್ನೇ ಆಫ್ ಮಾಡುತ್ತಾ ಬಂದೆ. ಗರಗಸದ ಕೊರೆತ ಮಾತ್ರ ಹೋಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ದೇವರ ಮನೆಯ ಮುಂದೆ ಬಂದು ನಿಂತೆ. ಅಲ್ಲಿ ಹೆಂಡತಿ ವರಮಹಾಲಕ್ಷ್ಮಿ ಹಬ್ಬಕ್ಕೆ ತಂದು ಹಾಕಿದ್ದ ಎಲ್‌ಇಡಿ ದೀಪದ ಸರ. ಹಬ್ಬ ಮುಗಿದು ತಿಂಗಳುಗಳಾದರೂ ಹಗಲು ರಾತ್ರಿ ಮಿಣ ಮಿಣ ಅನ್ನುತ್ತಿತ್ತು. ಅದರ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಡಾಪ್ಟರಿನ ಹತ್ತಿರ ರೇಡಿಯೋ ಹಿಡಿದರೆ ಸೆಟ್ಟೇ ನಡುಗಿತು. ಈಗ ಏನು ಮಾಡುವುದು? ಬಲ್ಬು ಆರಿಸು ಅನ್ನಬಹುದು. ದೇವರ ದೀಪ ಆರಿಸು ಅಂತ ಹೇಗೆ ಹೇಳುವುದು? ಹೇಳಿ ನೋಡಿದೆ. "ನಿಮ್ಮ ಚೀನಾ ರೇಡಿಯೋ ಕೇಳಕ್ಕೆ ನಾನು ಲಕ್ಷ್ಮಿನ ಕತ್ತಲಲ್ಲಿ ಕೂರಿಸ್ಬೇಕಾ?" ಅಂದಳು. ಜಪಾನ್ ರೇಡಿಯೋ ಅಂತ ತಿದ್ದಲು ಹೋಗಲಿಲ್ಲ. ಒಂದು ಒಪ್ಪಂದ ಆಯಿತು. ರಾತ್ರಿ ಒಂಬತ್ತೂವರೆಯಿಂದ ಹತ್ತೂಕಾಲು ಸರ ಆಫ್, ಎಣ್ಣೆ ದೀಪ ಆನ್. ಎಣ್ಣೆ ದೀಪಕ್ಕೆ ಫಿಲ್ಟರ್ ಬೇಕಾಗಿಲ್ಲ.

ನಮ್ಮ ಮನೆ ಮಾತ್ರ ಅಂದರೆ ಆಯಿತು. ಕೆಳಗಿನ ಮನೆ, ಎದುರು ಮನೆ, ಬೀದಿ ದೀಪ, ಮೂಲೆಯಲ್ಲಿ ಸ್ಕೂಟರಿನ ಚಾರ್ಜಿಂಗು. ಈ ಊರಿನಲ್ಲಿ ಶಾರ್ಟ್‌ವೇವ್ ಕೇಳುವುದು ಅಂದರೆ ಮದುವೆ ಮನೆಯ ವಾಲಗದ ಪಕ್ಕ ನಿಂತು ಯಾರೋ ಕಿವಿಯಲ್ಲಿ ಹೇಳಿದ ಗುಟ್ಟು ಕೇಳಿಸಿಕೊಂಡ ಹಾಗೆ. ತಮಾಷೆ ಏನು ಗೊತ್ತಾ, ದೊಡ್ಡಬಳ್ಳಾಪುರದ ಹತ್ತಿರ ಆಕಾಶವಾಣಿಯ 500 ಕಿಲೋವಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳಿವೆ. ನಾವೆಲ್ಲ ಕೇಳಿ ಬೆಳೆದ 612 ಕಿಲೋಹರ್ಟ್ಸಿನ ಬೆಂಗಳೂರು ಕೇಂದ್ರವೇ 200 ಕಿಲೋವಾಟಿನದು ಅಂದರೆ ಲೆಕ್ಕ ಹಾಕಿ. ನಮ್ಮ ಬೀದಿಯಿಂದ ಒಂದು ಗಂಟೆ ದಾರಿ. ಆದರೆ ಆ ಶಕ್ತಿಯೆಲ್ಲ ನಮಗಲ್ಲ. ಶಾರ್ಟ್‌ವೇವ್ ಅಲೆ ಓರೆಯಾಗಿ ಮೇಲೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳ ಅನ್ನುವ ವಿದ್ಯುತ್ ಕಣಗಳ ಪದರಕ್ಕೆ ತಾಗಿ, ಎಲ್ಲೋ ದೂರದಲ್ಲಿ ಇಳಿಯುತ್ತದೆ. ನಡುವಿನ ಊರುಗಳ ತಲೆಯ ಮೇಲೆ ಹಾರಿಹೋಗುತ್ತದೆ. ಪಕ್ಕದವನಿಗೆ ಕೇಳಿಸದೆ ಪರದೇಶದವನಿಗೆ ಕೇಳಿಸಲೆಂದೇ ಕಟ್ಟಿದ ವ್ಯವಸ್ಥೆ ಅದು.

ಯೋಚನೆ ಮಾಡಿದರೆ ಅಪ್ಪಯ್ಯನದೂ ನನ್ನದೂ ಒಂದೇ ಕಷ್ಟ. ದೂರದ್ದು ಕೇಳಬೇಕಾದರೆ ಹತ್ತಿರದ್ದು ಸುಮ್ಮನಾಗಬೇಕು. ಅವನು ಕೂಗಿ ಸುಮ್ಮನಾಗಿಸಿದ. ನಾನು ಸ್ವಿಚ್ ಆಫ್ ಮಾಡಿ ಸುಮ್ಮನಾಗಿಸುತ್ತೇನೆ. ಇದರಲ್ಲಿ ಸ್ವಲ್ಪ ದಬ್ಬಾಳಿಕೆಯೂ ಇದೆ, ಇಲ್ಲ ಅನ್ನುವುದಿಲ್ಲ. ಅಮ್ಮನ ಬೆಣ್ಣೆ ಹೋಯಿತು, ಇಲ್ಲಿ ಲಕ್ಷ್ಮಿಯ ದೀಪ. ಮನೆಯವರ ಕೆಲಸದ ಸದ್ದಿಗಿಂತ ಮೆಲ್ಬರ್ನಿನ ಗದ್ದಲ ದೊಡ್ಡದು ಅಂತ ಯಾರು ತೀರ್ಮಾನ ಮಾಡಿದರು? ಅಮ್ಮನಿಗೆ ಆ ಬಾಗಿಲಲ್ಲಿ ನಿಂತಾಗ ಏನು ಅನ್ನಿಸಿತ್ತು ಅಂತ ನಾನು ಒಂದು ಸಲವೂ ಕೇಳಲಿಲ್ಲ. ಮಗಳ ಆಪಿಗೆ ಈ ಕಷ್ಟ ಇಲ್ಲ. ಅದು ಯಾರನ್ನೂ ಸುಮ್ಮನಿರು ಅನ್ನುವುದಿಲ್ಲ. ಟೀವಿ ನಡೆಯುತ್ತಿರಲಿ, ಕುಕ್ಕರ್ ಕೂಗಲಿ, ಮೆಲ್ಬರ್ನ್ ಬಂದೇ ಬರುತ್ತದೆ. ಅದಕ್ಕೇ ಇರಬೇಕು, ಅವಳು ತೋರಿಸಿದ ಮೇಲೆ ನಾನು ಆ ಆಪನ್ನು ಎರಡನೇ ಸಲ ತೆರೆದಿಲ್ಲ. ಕಾರಣ ಪೂರ್ತಿ ನ್ಯಾಯವಾದದ್ದೇನೂ ಅಲ್ಲ. ಕಷ್ಟಪಟ್ಟು ಹಿಡಿದೆ ಅನ್ನುವ ಜಂಬವೂ ಅದರಲ್ಲಿ ಸೇರಿದೆ.

ಮೇ ತಿಂಗಳ ಒಂದು ರಾತ್ರಿ

ಮೇ ತಿಂಗಳಲ್ಲಿ ಒಂದು ಸಂಜೆ ಭಾರಿ ಮಳೆ ಬಂತು. ಏಳೂವರೆಗೆ ಬೀದಿ ಕೊನೆಯಲ್ಲಿ ಢಂ ಅಂತು. ಟ್ರಾನ್ಸ್‌ಫಾರ್ಮರ್. ಇಡೀ ಲೇಔಟು ಕತ್ತಲಾಯಿತು. ನಮ್ಮ ಇನ್ವರ್ಟರ್ ತಕ್ಷಣ ಎದ್ದು ಕೂತಿತು. ಅದರ ಸ್ವರ ನನಗೆ ಗೊತ್ತು, ಸೊಳ್ಳೆ ಹಿಂಡು. ಯಾರಿಗೂ ಹೇಳದೆ ಹೋಗಿ ಅದನ್ನೂ ಆಫ್ ಮಾಡಿದೆ. "ರೀ, ಫ್ಯಾನ್ ನಿಂತೋಯ್ತು" ಅಂತ ಒಳಗಿಂದ ಬಂತು. ಬ್ಯಾಟರಿ ಇಳಿದಿರಬೇಕು ಅಂದೆ. ಸುಳ್ಳು. ರೇಡಿಯೋ ತೆಗೆದುಕೊಂಡು ಬಾಲ್ಕನಿಗೆ ಹೋದೆ. ಮಳೆ ನಿಂತು ಹನಿ ಬೀಳುತ್ತಿತ್ತು. ದೂರದಲ್ಲಿ ಇನ್ನೂ ಮಿಂಚು.

ಆನ್ ಮಾಡಿದಾಗ ಕೆಟ್ಟುಹೋಯಿತೇನೋ ಅಂದುಕೊಂಡೆ. ಸದ್ದೇ ಇಲ್ಲ. ಕೊರೆತ ಇಲ್ಲ, ಗುಂಯ್ ಇಲ್ಲ, ಚರ್ ಇಲ್ಲ. ತಳದಲ್ಲಿ ನೀರು ಹರಿದಂತೆ ಒಂದು ಸಣ್ಣ ಸುಯ್. ಅದರ ಮೇಲೆ ಆಗಾಗ ಚಟ್, ಚಟಾರ್. ಆಕಾಶದಲ್ಲಿ ಮಿಂಚಿದ ಕ್ಷಣವೇ ರೇಡಿಯೋದಲ್ಲಿ ಚಟ್ ಅನ್ನುತ್ತಿತ್ತು. ಗುಡುಗು ಆಮೇಲೆ, ನಿಧಾನವಾಗಿ ಬರುತ್ತಿತ್ತು. 10000 ಒತ್ತಿದೆ. ಟಿಕ್, ಟಿಕ್, ಟಿಕ್. ಚೀನಾದ ಬಿಪಿಎಂ, ದಿನವಿಡೀ ಸಮಯ ಹೇಳುವುದೇ ಅದರ ಕೆಲಸ. ಇಷ್ಟು ದಿನ ಅದು ಇದೆ ಅಂತ ಊಹೆ ಮಾಡುತ್ತಿದ್ದೆ, ಅವತ್ತು ಪ್ರತಿ ಟಿಕ್ಕೂ ಬಿಡಿ ಬಿಡಿಯಾಗಿ ಬಂತು, ಹಂಚಿನಿಂದ ಹನಿ ಬಿದ್ದ ಹಾಗೆ. ಅಲ್ಲಿಂದ 31 ಮೀಟರ್ ಬ್ಯಾಂಡಿಗೆ, ಸ್ಟೇಷನ್‌ಗಳು ಗುಂಪಾಗಿ ಸಿಗುವ ಜಾಗಕ್ಕೆ, ಇಳಿದೆ. ಐದೈದು ಕಿಲೋಹರ್ಟ್ಸ್ ಒತ್ತುತ್ತಾ ಹೋದೆ. ಪ್ರತಿ ಒಂದೆರಡು ಹೆಜ್ಜೆಗೆ ಒಬ್ಬರು ಸಿಕ್ಕರು. ತಂತಿವಾದ್ಯ ನುಡಿಸುತ್ತಿದ್ದವರು, ಸುದ್ದಿ ಓದುತ್ತಿದ್ದವರು, ನಗುತ್ತಿದ್ದ ಇಬ್ಬರು ಹೆಂಗಸರು. ಇಷ್ಟೂ ಜನ ದಿನಾ ರಾತ್ರಿ ಇಲ್ಲೇ ಇದ್ದರು, ನಮ್ಮ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ನಡುವೆ.

ಹೆಂಡತಿ ಟಾರ್ಚು ಹಿಡಿದು ಬಂದಳು. ಇನ್ವರ್ಟರ್ ವಿಷಯ ಗೊತ್ತಾಗಿದೆ ಅಂತ ಅವಳ ನಡಿಗೆಯಲ್ಲೇ ತಿಳಿಯಿತು. ಬಯ್ಯಲು ಬಾಯಿ ತೆರೆದವಳು ನಿಂತಳು. ರೇಡಿಯೋದಲ್ಲಿ ಒಬ್ಬ ಮುದುಕ ಏನನ್ನೋ ಹೇಳುತ್ತಿದ್ದ. ಯಾವ ಭಾಷೆಯೋ ಗೊತ್ತಿಲ್ಲ, ಫಾರ್ಸಿ ಇರಬಹುದು. ಓದುತ್ತಿರಲಿಲ್ಲ, ಎದುರಿಗೆ ಕೂತ ಯಾರಿಗೋ ಕಥೆ ಹೇಳುವ ಹಾಗಿತ್ತು. ನಡುನಡುವೆ ನಿಲ್ಲಿಸುತ್ತಿದ್ದ. ನಿಲ್ಲಿಸಿದಾಗ ಅವನು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು. "ಏನು ಬರ್ತಿದೆ?" ಅಂದಳು. ಗೊತ್ತಿಲ್ಲ ಅಂದೆ. ಟಾರ್ಚು ಆರಿಸಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ನೀರು ಕೈಯಲ್ಲಿ ಒರೆಸಿ ಕೂತಳು. ಅವನ ಮಾತು ಮುಳುಗುತ್ತಿತ್ತು, ಏಳುತ್ತಿತ್ತು. ಒಂದು ಸಲ ಪೂರ್ತಿ ಮುಳುಗಿದಾಗ ಅವಳು ರೇಡಿಯೋ ಕಡೆ ಬಗ್ಗಿದಳು. ನಾನು ಏರಿಯಲ್ಲನ್ನು ಸ್ವಲ್ಪ ಓರೆ ಮಾಡಿದೆ.

ಅಷ್ಟರಲ್ಲಿ ಮಗಳು ಬಂದಳು. ಮಳೆಯಲ್ಲಿ ಸಿಕ್ಕಿಹಾಕಿಕೊಂಡ ಸಿಟ್ಟು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. "ಅಮ್ಮಾ, ನೆಟ್ ಇಲ್ವಾ? ಇನ್ವರ್ಟರ್ ಏನಾಯ್ತು?" ಅಂತ ಬಾಗಿಲಿನಿಂದಲೇ ಕೂಗಿದಳು.

"ಶ್!" ಅಂದಳು ನನ್ನ ಹೆಂಡತಿ.

ಮಗಳು ಬಾಗಿಲಲ್ಲೇ ನಿಂತಳು. ಮುದುಕ ಮತ್ತೆ ಮೇಲೆ ಬಂದ. ಏನೋ ಒಂದು ಮಾತು ಹೇಳಿ ತಾನೇ ನಕ್ಕ. ಎಷ್ಟು ಹೊತ್ತು ಹಾಗೇ ಇದ್ದೆವೋ, ಹತ್ತು ನಿಮಿಷವಿರಬೇಕು. ಆಮೇಲೆ ಎದುರು ಮನೆಯ ಕಿಟಕಿ ಹತ್ತಿಕೊಂಡಿತು, ಬೀದಿ ದೀಪ ಹತ್ತಿಕೊಂಡಿತು, ಹಿಂದಿನಿಂದ ದೇವರ ಮನೆಯ ಸರ ಮಿಣ ಮಿಣ ಅಂತು. ಕರ್ರ್ ಅಂತ ಗರಗಸ ಬಂತು.

"ಅಯ್ಯೋ, ಬಂದೇಬಿಡ್ತಲ್ರೀ" ಅಂದಳು.